ಲೀಸ್ ಮುಗಿಯುತ್ತಿದೆ, ಗಿರಾಕಿಗಳು ಆನ್‌ಲೈನ್‌ಗೆ ಹೋಗುತ್ತಿದ್ದಾರೆ: ಮತ್ತೆ ಹತ್ತು ವರ್ಷಕ್ಕೆ ಸಹಿ ಹಾಕಲೇ?

ಪ್ರಶ್ನೆ: ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಪಟ್ಟಣದ ಹೈ ಸ್ಟ್ರೀಟ್‌ನಲ್ಲಿ, ಅಂದರೆ ಮುಖ್ಯ ಪೇಟೆ ಬೀದಿಯಲ್ಲಿ, ನಾನು ಮತ್ತು ನಮ್ಮ ಯಜಮಾನರು ಮಕ್ಕಳ ಶೂ ಅಂಗಡಿ ನಡೆಸುತ್ತಿದ್ದೇವೆ. 2017ರಲ್ಲಿ ಹತ್ತು ವರ್ಷದ ಲೀಸ್ ತೆಗೆದುಕೊಂಡೆವು, ಬಾಡಿಗೆ ವರ್ಷಕ್ಕೆ 22,000 ಪೌಂಡ್. ಆಗ ವರ್ಷದ ಮಾರಾಟ 2,40,000 ಪೌಂಡ್ ಇತ್ತು, ಈಗ 1,85,000ಕ್ಕೆ ಬಂದಿದೆ. ನಮ್ಮ ಬೀದಿಯ ಡೆಬೆನಮ್ಸ್ ಡಿಪಾರ್ಟ್‌ಮೆಂಟ್ ಸ್ಟೋರ್ 2021ರಲ್ಲಿ ಮುಚ್ಚಿತು, ಆ ಕಟ್ಟಡ ಇನ್ನೂ ಖಾಲಿ ಇದೆ. ತಾಯಂದಿರು ಬಂದು ಮಗುವಿನ ಪಾದ ಅಳತೆ ಮಾಡಿಸಿಕೊಳ್ಳುತ್ತಾರೆ, ನಾಲ್ಕು ಜೊತೆ ಹಾಕಿ ನೋಡುತ್ತಾರೆ, ಡಬ್ಬಿಯ ಮೇಲಿನ ನಂಬರಿನ ಫೋಟೋ ತೆಗೆದುಕೊಂಡು ಹೋಗಿಬಿಡುತ್ತಾರೆ. ಬರುವ ಮಾರ್ಚ್‌ಗೆ ಲೀಸ್ ಮುಗಿಯುತ್ತದೆ. ಅದೇ ಬಾಡಿಗೆಗೆ ಇನ್ನು ಹತ್ತು ವರ್ಷಕ್ಕೆ ಬೇಗ ಸಹಿ ಹಾಕಿ ಎಂದು ಮಾಲೀಕರ ಏಜೆಂಟ್ ಒತ್ತಾಯಿಸುತ್ತಿದ್ದಾರೆ. ಮಗ ಅಂಗಡಿ ಬಿಟ್ಟು ಆನ್‌ಲೈನ್‌ನಲ್ಲೇ ಮಾರೋಣ ಅನ್ನುತ್ತಾನೆ. ಯಜಮಾನರು ಮುಚ್ಚಿಬಿಡೋಣ ಅನ್ನುತ್ತಾರೆ. ಹೈ ಸ್ಟ್ರೀಟ್ ಕಾಲವೇ ಮುಗಿಯಿತೇ? ಅಥವಾ ನಾವೇ ಎಲ್ಲೋ ಎಡವಿದೆವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಂಗಡಿಕಾರರ ಪರವಾಗಿ ಬಾಡಿಗೆ, ರೇಟ್ಸ್ (ಅಂಗಡಿ ಜಾಗದ ಮೇಲಿನ ತೆರಿಗೆ) ಮಾತುಕತೆ ನಡೆಸುವುದೇ ನನ್ನ ಕೆಲಸ. ನನ್ನ ಮುಂದೆ ಬಂದು ಕೂತ ಬಹುಪಾಲು ಮಂದಿ ಇದೇ ಮಾತನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದ್ದಾರೆ. ನೀವು ಎಡವಿಲ್ಲ. 2017ರ ಪೇಟೆಗೆ ಹೊಂದುವ ಬಾಡಿಗೆಗೆ ಒಪ್ಪಿಕೊಂಡಿರಿ, ಪೇಟೆ ಬದಲಾಯಿತು, ಬಾಡಿಗೆ ಬದಲಾಗಲಿಲ್ಲ. ನಿಮ್ಮ ಅಂಕಿಗಳಲ್ಲೇ ಅದು ಕಾಣುತ್ತದೆ. 2,40,000ದ ಮಾರಾಟದಲ್ಲಿ 22,000 ಬಾಡಿಗೆ ಎಂದರೆ ನೂರಕ್ಕೆ 9. 1,85,000ದ ಮಾರಾಟದಲ್ಲಿ ಅದೇ ಬಾಡಿಗೆ ನೂರಕ್ಕೆ 12. ನೀವು ಕಡಿಮೆ ದುಡಿದಿಲ್ಲ, ಗಲ್ಲಾದಿಂದ ಮಾಲೀಕರ ಕೈಗೆ ಹೋಗುವ ಪಾಲು ದೊಡ್ಡದಾಗಿದೆ.

ಹೈ ಸ್ಟ್ರೀಟ್ ಅನ್ನು ಆನ್‌ಲೈನ್ ಕೊಂದಿತು ಎಂಬ ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧವೇ. ಈ ದೇಶದ ಚಿಲ್ಲರೆ ಮಾರಾಟದಲ್ಲಿ ಇಂಟರ್ನೆಟ್ ಪಾಲು 2008ರಲ್ಲಿ ನೂರು ಪೌಂಡಿಗೆ ಸುಮಾರು 5 ಪೌಂಡ್ ಇತ್ತು. ವೂಲ್‌ವರ್ತ್ಸ್ ಎಂಬ ದೊಡ್ಡ ಅಂಗಡಿ ಸರಣಿ ಮುಳುಗಿದ್ದು ಅದೇ ವರ್ಷ. 2009ರ ಜನವರಿ 6ರ ಹೊತ್ತಿಗೆ ಅದರ 807 ಅಂಗಡಿಗಳೂ ಬಾಗಿಲು ಹಾಕಿದ್ದವು. ಐದು ಪೌಂಡಿನ ಪೈಪೋಟಿಗೆ ಅಷ್ಟು ದೊಡ್ಡ ಸಂಸ್ಥೆ ಬೀಳುವುದಿಲ್ಲ. ಅದು ಮೊದಲೇ ಟೊಳ್ಳಾಗಿತ್ತು. ಗಿರಾಕಿಗಳು ಕಾರು ಹತ್ತಿ ಊರಾಚೆ ಹೋಗುವುದಂತೂ ಇನ್ನೂ ಹಳೆಯ ಕತೆ. ದೊಡ್ಡ ಮಾಲ್‌ಗಳಾದ ಲಂಡನ್ನಿನ ಬ್ರೆಂಟ್ ಕ್ರಾಸ್ 1976ರಲ್ಲಿ, ಗೇಟ್ಸ್‌ಹೆಡ್‌ನ ಮೆಟ್ರೊಸೆಂಟರ್ 1986ರಲ್ಲಿ, ಶೆಫೀಲ್ಡ್‌ನ ಮೆಡೋಹಾಲ್ 1990ರಲ್ಲಿ ತೆರೆದವು. ಅಮೆಜಾನ್ ಬ್ರಿಟನ್ನಿಗೆ ಬಂದದ್ದು 1998ರಲ್ಲಿ. ಬಿಟ್ಟಿ ಪಾರ್ಕಿಂಗ್ ಇದ್ದ ಕಡೆಗೆ ಜನ ಹೊರಳಿದ ಮೇಲೆ, ಬಡವಾಗಿದ್ದ ಬೀದಿಗೆ ಇಂಟರ್ನೆಟ್ ಎರಡನೆಯ ಪೆಟ್ಟು ಕೊಟ್ಟಿತು.

ಆ ಪೆಟ್ಟು ಸಣ್ಣದಲ್ಲ. 2019ರಲ್ಲಿ ಆನ್‌ಲೈನ್ ಪಾಲು ನೂರಕ್ಕೆ 19ರ ಆಸುಪಾಸು ಇತ್ತು, ಲಾಕ್‌ಡೌನಿನ 2021ರ ಜನವರಿಯಲ್ಲಿ 37ರ ಹತ್ತಿರ ಹೋಯಿತು, ಆಮೇಲೆ ಇಳಿದು 26-27ರ ಸುತ್ತ ನಿಂತಿತು. ಅಂದರೆ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಪೌಂಡ್ ಇವತ್ತಿಗೂ ಅಂಗಡಿಗಳಲ್ಲೇ ಖರ್ಚಾಗುತ್ತಿದೆ. ಇದನ್ನು ಓದಿ ಪೂರ್ತಿ ಸಮಾಧಾನ ಪಡಬೇಡಿ, ಆ ಎಪ್ಪತ್ತರಲ್ಲಿ ದೊಡ್ಡ ಪಾಲು ಸೂಪರ್‌ಮಾರ್ಕೆಟ್‌ಗಳದ್ದು. ಆದರೂ ಅಂಗಡಿಗೆ ಹೋಗುವುದನ್ನೇ ಜನ ಬಿಟ್ಟಿಲ್ಲ. ಕಾರಣವಿಲ್ಲದ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಪುಸ್ತಕದ ಅಂಗಡಿಗಳನ್ನೇ ನೋಡಿ, ಅಮೆಜಾನ್ ಮೊದಲು ಕೈ ಹಾಕಿದ್ದು ಅವುಗಳ ಮೇಲೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಸ್ವತಂತ್ರ ಪುಸ್ತಕದಂಗಡಿಗಳ ಸಂಖ್ಯೆ 2016ರಲ್ಲಿ 867ಕ್ಕೆ ಇಳಿದಿತ್ತು, 2022ಕ್ಕೆ 1,072ಕ್ಕೆ ಏರಿತು.

ನಿಮ್ಮ ಬೀದಿಯ ಡೆಬೆನಮ್ಸ್ ವಿಷಯ ಬಂತಲ್ಲ, ಅದರ ಲೆಕ್ಕವನ್ನೂ ಸ್ವಲ್ಪ ನೋಡಿ. 2003ರಲ್ಲಿ ಅದನ್ನು ಖಾಸಗಿ ಹೂಡಿಕೆದಾರರು ಕೊಂಡರು. 2005ರಲ್ಲಿ 23 ಮಳಿಗೆಗಳ ಕಟ್ಟಡಗಳನ್ನು 495 ಮಿಲಿಯನ್ ಪೌಂಡಿಗೆ ಮಾರಿ, ತಮ್ಮದೇ ಆಗಿದ್ದ ಕಟ್ಟಡಗಳಲ್ಲಿ ದೀರ್ಘಾವಧಿಯ ಬಾಡಿಗೆದಾರರಾದರು. ವ್ಯಾಪಾರ ಚೆನ್ನಾಗಿದ್ದಾಗ ಇದು ಜಾಣತನದ ಹಾಗೆ ಕಂಡಿತು. ವ್ಯಾಪಾರ ತಗ್ಗಿದಾಗ ಬಾಡಿಗೆ ತಗ್ಗಲಿಲ್ಲ. ಕೊನೆಗೆ 2021ರ ಜನವರಿಯಲ್ಲಿ ಆ ಹೆಸರನ್ನು ಆನ್‌ಲೈನ್ ಕಂಪನಿ ಬೂಹೂ 55 ಮಿಲಿಯನ್ ಪೌಂಡಿಗೆ ಕೊಂಡಿತು, ಹೆಸರು ಮಾತ್ರ, ಅಂಗಡಿಗಳು ಬೇಡವೆಂದಿತು. ಇಷ್ಟು ಹೇಳಿದ್ದೇಕೆಂದರೆ, ನಿಮ್ಮ ಮುಂದೆ ಏಜೆಂಟ್ ಇಟ್ಟಿರುವ ಕಾಗದದಲ್ಲಿ ಇದೇ ಅಪಾಯ ಸಣ್ಣ ಪ್ರಮಾಣದಲ್ಲಿದೆ.

ಆ ಕಾಗದದ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಕುಟುಂಬದ ಮುಂದಿನ ಹತ್ತು ವರ್ಷ ಅಮೆಜಾನ್‌ಗಿಂತ ಹೆಚ್ಚಾಗಿ ಅದರ ಮೇಲೆ ನಿಂತಿದೆ. ನಿಮ್ಮ ಹಳೆಯ ಲೀಸ್ ತೆಗೆದು ನೋಡಿ. ಐದನೆಯ ವರ್ಷಕ್ಕೆ, ಅಂದರೆ 2022ರಲ್ಲಿ, ರೆಂಟ್ ರಿವ್ಯೂ ಎಂದು ಬರೆದಿರುತ್ತದೆ. ಲಾಕ್‌ಡೌನ್ ಮುಗಿದು ಸುತ್ತಲಿನ ಬಾಡಿಗೆಗಳು ಕುಸಿದಿದ್ದ ಹೊತ್ತು ಅದು. ಆದರೂ ನಿಮ್ಮ ಬಾಡಿಗೆ 22,000ದಲ್ಲೇ ಉಳಿದಿದೆ. ಕಾರಣ, ಈ ದೇಶದ ಲೀಸ್‌ಗಳಲ್ಲಿ ದಶಕಗಳಿಂದ ಬಂದಿರುವ ಷರತ್ತು: ರಿವ್ಯೂನಲ್ಲಿ ಬಾಡಿಗೆ ಏರಬಹುದು ಅಥವಾ ಇದ್ದಂತೆ ಇರಬಹುದು, ಇಳಿಯುವ ಹಾಗಿಲ್ಲ. ಹೊಸ ಲೀಸ್‌ಗಳಲ್ಲಿ ಈ ಷರತ್ತನ್ನು ನಿಷೇಧಿಸುವ ಮಸೂದೆಯನ್ನು ಸರ್ಕಾರ 2025ರ ಜುಲೈನಲ್ಲಿ ಪಾರ್ಲಿಮೆಂಟಿನ ಮುಂದಿಟ್ಟಿತು. ಏಜೆಂಟರ ಅವಸರಕ್ಕೆ ಅದೂ ಒಂದು ಕಾರಣ ಇರಬಹುದು. ನೀವು ಸಹಿ ಹಾಕುವ ದಿನಕ್ಕೆ ಕಾನೂನು ಎಲ್ಲಿಗೆ ಬಂದಿದೆ, ನಿಮ್ಮ ಲೀಸ್‌ಗೆ ತಗಲುತ್ತದೆಯೇ ಎಂದು ಸಾಲಿಸಿಟರ್ ಕೈಲಿ ಬರೆಸಿಕೊಳ್ಳಿ.

ಬೇಗ ಸಹಿ ಹಾಕದಿದ್ದರೆ ಮಾರ್ಚ್‌ನಲ್ಲಿ ಬೀದಿಗೆ ಬೀಳುತ್ತೇವೆ ಎಂಬ ಭಯ ನಿಮ್ಮ ಪತ್ರದ ಸಾಲುಗಳ ನಡುವೆ ಕಂಡಿತು. ಹಾಗಾಗುವುದು ಕಡಿಮೆ. 1954ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್ ರಕ್ಷಣೆ ನಿಮಗಿದ್ದರೆ, ಅವಧಿ ಮುಗಿದರೂ ಬಾಡಿಗೆದಾರಿಕೆ ತಾನಾಗಿಯೇ ಮುಂದುವರಿಯುತ್ತದೆ. ಹೊಸ ಲೀಸ್ ಕೇಳುವ ಹಕ್ಕು ನಿಮ್ಮದು, ಅದರ ಬಾಡಿಗೆ ಇವತ್ತಿನ ಪೇಟೆಯ ದರಕ್ಕೆ ನಿಗದಿಯಾಗಬೇಕು. ತಾವೇ ಅಂಗಡಿ ಇಡುತ್ತೇವೆ, ಕಟ್ಟಡ ಕೆಡವುತ್ತೇವೆ ಎಂಬಂಥ ಕಾನೂನು ಹೇಳಿದ ಕೆಲವೇ ಕಾರಣಗಳಿಗೆ ಮಾತ್ರ ಮಾಲೀಕರು ನಿರಾಕರಿಸಬಹುದು. ಆದರೆ ಲೀಸ್ ಬರೆಯುವಾಗಲೇ ಈ ರಕ್ಷಣೆಯನ್ನು ಇಬ್ಬರೂ ಒಪ್ಪಿ ತೆಗೆದುಹಾಕಿರುವ ಸಾಧ್ಯತೆಯೂ ಉಂಟು. ಕಾಗದದಲ್ಲಿ 24ರಿಂದ 28ರವರೆಗಿನ ಸೆಕ್ಷನ್‌ಗಳು ಅನ್ವಯಿಸುವುದಿಲ್ಲ ಎಂಬ ಸಾಲು ಇದೆಯೇ ಎಂದು ಇವತ್ತೇ ನೋಡಿ. ಆ ಸಾಲು ಇದ್ದರೆ ಮಾರ್ಚ್‌ಗೆ ಹೊರಡಬೇಕಾದೀತು, ಮಾತುಕತೆಯ ಬಲ ಅವರ ಕಡೆ ಇರುತ್ತದೆ. ಇಲ್ಲದಿದ್ದರೆ ಬಲ ನಿಮ್ಮ ಕಡೆ.

ರಕ್ಷಣೆ ಇದ್ದವರೂ ಒಂದು ತಪ್ಪು ಮಾಡುತ್ತಾರೆ. ಮಾಲೀಕರು ಸುಮ್ಮನಿದ್ದಾರಲ್ಲ, ನಾವೂ ಸುಮ್ಮನಿರೋಣ ಎಂದು ಕೂರುತ್ತಾರೆ. ಪೇಟೆಯ ದರ ಇಳಿದಿರುವಾಗ ಸುಮ್ಮನಿರುವುದು ಮಾಲೀಕರಿಗೇ ಲಾಭ, ಏಕೆಂದರೆ ಹಳೆಯ ಬಾಡಿಗೆಯೇ ಮುಂದುವರಿಯುತ್ತಿರುತ್ತದೆ. ಸೆಕ್ಷನ್ 26ರ ಪ್ರಕಾರ ಹೊಸ ಲೀಸ್ ಬೇಕೆಂದು ನೀವೇ ನೋಟಿಸ್ ಕೊಡಬಹುದು. ಹೊಸ ಲೀಸ್ ಶುರುವಾಗಬೇಕಾದ ದಿನಕ್ಕೆ ಆರರಿಂದ ಹನ್ನೆರಡು ತಿಂಗಳ ಮೊದಲು ಅದು ತಲುಪಿರಬೇಕು. ಮಾರ್ಚ್‌ಗೆ ಮುಗಿಯುವ ಲೀಸ್‌ಗೆ ಆಗಸ್ಟ್ ಕೊನೆ ದಾಟಿಸಬೇಡಿ. ಇದನ್ನು ಸಾಲಿಸಿಟರ್ ಮೂಲಕವೇ ಮಾಡಿ, ನೋಟಿಸಿನ ದಿನಾಂಕ ತಪ್ಪಿದರೆ ಹಕ್ಕೇ ಕೈತಪ್ಪಬಹುದು.

ಬೀದಿಯಲ್ಲಿ ಅಷ್ಟು ಅಂಗಡಿ ಖಾಲಿ ಇರುವಾಗ ಮಾಲೀಕರೇಕೆ ಬಾಡಿಗೆ ಇಳಿಸುವುದಿಲ್ಲ ಎಂದು ಅನೇಕರು ಕೇಳುತ್ತಾರೆ. ಕಟ್ಟಡದ ಬೆಲೆ ಅದು ತರುವ ಬಾಡಿಗೆಯ ಮೇಲೆ ನಿಂತಿರುತ್ತದೆ, ಆ ಬೆಲೆಯ ಮೇಲೆ ಬ್ಯಾಂಕಿನ ಸಾಲ ನಿಂತಿರುತ್ತದೆ. 22,000ವನ್ನು 16,000ಕ್ಕೆ ಇಳಿಸಿ ಬರೆದರೆ ಕಟ್ಟಡದ ಬೆಲೆಯೂ ಕಾಗದದ ಮೇಲೆ ಇಳಿಯುತ್ತದೆ. ಆದ್ದರಿಂದ ಅವರು ಬಾಡಿಗೆ ಅಂಕಿಯನ್ನು ಹಾಗೆಯೇ ಇಟ್ಟು, ಮೊದಲ ಆರು ತಿಂಗಳೋ ವರ್ಷವೋ ಬಾಡಿಗೆ ಬೇಡ ಎನ್ನುತ್ತಾರೆ. ನಿಮ್ಮ ಪಕ್ಕದ ಅಂಗಡಿ 22,000ಕ್ಕೆ ಹೋಯಿತು ಎಂದು ಏಜೆಂಟ್ ಹೇಳಿದರೆ, ಎಷ್ಟು ತಿಂಗಳು ಬಿಟ್ಟಿ ಕೊಟ್ಟಿರಿ ಎಂದು ತಿರುಗಿ ಕೇಳಿ. ಇನ್ನೊಂದು ವಿಷಯ ನಿಮ್ಮ ಕೈಯಲ್ಲಿದೆ. ಅಂಗಡಿ ಖಾಲಿಯಾದರೆ ಮೊದಲ ಮೂರು ತಿಂಗಳು ಕಳೆದ ಮೇಲೆ ಅದರ ಬಿಸಿನೆಸ್ ರೇಟ್ಸ್ ಸಾಮಾನ್ಯವಾಗಿ ಮಾಲೀಕರ ತಲೆಗೇ ಬರುತ್ತದೆ. ನೀವು ಹೊರಟರೆ ಅವರಿಗೆ ಬಾಡಿಗೆ ನಿಲ್ಲುತ್ತದೆ, ಜೊತೆಗೆ ಹೊಸ ಖರ್ಚು ಹತ್ತುತ್ತದೆ. ಇದು ಅವರಿಗೆ ಚೆನ್ನಾಗಿ ಗೊತ್ತು. ನಿಮಗೂ ಗೊತ್ತಿದೆ ಎಂಬುದು ಅವರಿಗೆ ತಿಳಿಯಲಿ.

ಇನ್ನು ರೇಟ್ಸ್. ಅಂಗಡಿಯ ರೇಟಬಲ್ ವ್ಯಾಲ್ಯೂ, ಅಂದರೆ ರೇಟ್ಸ್ ಲೆಕ್ಕಕ್ಕೆ ಸರ್ಕಾರ ಕಟ್ಟಿದ ವರ್ಷದ ಬಾಡಿಗೆ ಮೌಲ್ಯ, 16,500 ಎಂದು ನೀವು ಲಗತ್ತಿಸಿದ ಬಿಲ್ಲಿನಲ್ಲಿದೆ, 2026ರ ಮರುಮೌಲ್ಯಮಾಪನದಲ್ಲೂ ಅಷ್ಟೇ ಉಳಿದಿದೆ. 2025-26ರಲ್ಲಿ ಪೌಂಡಿಗೆ 49.9 ಪೆನ್ಸ್ ದರ, ಅಂಗಡಿಗಳಿಗೆ ನೂರಕ್ಕೆ 40 ರಿಯಾಯಿತಿ ಇತ್ತು. ನಿಮಗೆ ಸುಮಾರು 4,940 ಪೌಂಡ್ ಬಂತು. 2026ರ ಏಪ್ರಿಲ್‌ನಿಂದ ನಿಮ್ಮಂಥ ಸಣ್ಣ ಅಂಗಡಿಗಳ ದರ 38.2 ಪೆನ್ಸ್‌ಗೆ ಇಳಿಯಿತು, ಸುದ್ದಿಯಲ್ಲಿ ಇಳಿಕೆ ಎಂದೇ ಬಂತು. ಆದರೆ ಆ 40ರ ರಿಯಾಯಿತಿ ಹೋಯಿತು. ಗುಣಿಸಿದರೆ 6,303. ಏರಿಕೆ ಒಮ್ಮೆಲೇ ಮೈಮೇಲೆ ಬೀಳದಂತೆ ತಡೆಯುವ ಯೋಜನೆಗಳಿವೆ, ಅವು ನಿಮ್ಮ ಬಿಲ್ಲಿಗೆ ಸೇರಿವೆಯೇ ಎಂದು ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿ. ಆ ತಡೆ ತಾತ್ಕಾಲಿಕ, ಆದ್ದರಿಂದ ಮುಂದಿನ ಲೆಕ್ಕ ಹಾಕುವಾಗ ಪೂರ್ತಿ 6,303 ಹಿಡಿಯಿರಿ. ಬಾಡಿಗೆಯ ಜೊತೆ ಕೂಡಿಸಿದರೆ ಮಾರಾಟದ ನೂರಕ್ಕೆ 15 ದಾಟುತ್ತದೆ. ನಾನು ಕಂಡ ಸಣ್ಣ ಶೂ ಅಂಗಡಿಗಳಲ್ಲಿ ಬಾಡಿಗೆ, ರೇಟ್ಸ್ ಎರಡೂ ಸೇರಿ 10ರೊಳಗೆ ಇದ್ದವರು ನೆಮ್ಮದಿಯಾಗಿದ್ದಾರೆ. 12 ದಾಟಿದ ಮೇಲೆ ಮನೆಯವರ ಸಂಬಳವೇ ಕರಗಲು ಶುರುವಾಗುತ್ತದೆ.

ಅಂಗಡಿಯ ಮೌಲ್ಯವನ್ನು ಅಳೆಯುವ ಬಗೆಯೂ ನಿಮಗೆ ತಿಳಿದಿರಲಿ. ಬೀದಿಗೆ ಮುಖ ಮಾಡಿದ ಮೊದಲ 6.1 ಮೀಟರ್, ಅಂದರೆ ಇಪ್ಪತ್ತು ಅಡಿ ಆಳ, ಝೋನ್ ಎ. ಅದಕ್ಕೆ ಪೂರ್ತಿ ದರ. ಹಿಂದಿನ ಇಪ್ಪತ್ತು ಅಡಿಗೆ ಅರ್ಧ, ಅದರ ಹಿಂದಿನದಕ್ಕೆ ಕಾಲು. ಬೀದಿಯಲ್ಲಿ ಹೋಗುವವರು ಕಿಟಕಿ ನೋಡಿ ಒಳಗೆ ಬರುತ್ತಾರೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಲೆಕ್ಕ ಇದು. ನೀವು ಕೊಡುವ ಹಣದಲ್ಲಿ ದೊಡ್ಡ ಪಾಲು ಆ ಕಿಟಕಿಗೆ. ಈಗ ನಿಮ್ಮನ್ನೇ ಕೇಳಿಕೊಳ್ಳಿ: ನಿಮ್ಮ ಗಿರಾಕಿಗಳಲ್ಲಿ ಕಿಟಕಿ ನೋಡಿ ಬಂದವರೆಷ್ಟು, ಮಗುವಿಗೆ ಶೂ ಬೇಕು ಎಂದು ಮನೆಯಿಂದಲೇ ಹೊರಟು ಬಂದವರೆಷ್ಟು? ಒಂದು ತಿಂಗಳು ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಟ್ಟು ಎರಡು ಸಾಲಿನಲ್ಲಿ ಗೀಟು ಹಾಕುತ್ತ ಹೋಗಿ. ಮಕ್ಕಳ ಶೂ ಅಂಗಡಿಯೊಂದರಲ್ಲಿ ನಾನು ಇದನ್ನು ಮಾಡಿಸಿದಾಗ ಹತ್ತರಲ್ಲಿ ಎಂಟು ಮಂದಿ ಹುಡುಕಿಕೊಂಡೇ ಬಂದವರಾಗಿದ್ದರು. ಅವರು ಮೂಲೆ ತಿರುಗಿದ ಅಡ್ಡಬೀದಿಗೂ ಬರುತ್ತಾರೆ.

ಹಾಗಾಗಿ ನಿಮಗೆ ನಾನು ಮೊದಲು ಹೇಳುವ ದಾರಿ ಅದೇ: ಅಡ್ಡಬೀದಿಯಲ್ಲಿ ಚಿಕ್ಕ ಜಾಗ. ರೇಟಬಲ್ ವ್ಯಾಲ್ಯೂ 12,000 ಅಥವಾ ಅದಕ್ಕಿಂತ ಕಡಿಮೆ ಇದ್ದು, ಅದೊಂದೇ ನಿಮ್ಮ ಜಾಗವಾದರೆ, ಸಣ್ಣ ವ್ಯಾಪಾರದ ರಿಯಾಯಿತಿಯಲ್ಲಿ ರೇಟ್ಸ್ ಪೂರ್ತಿ ಶೂನ್ಯ. 12,000ದಿಂದ 15,000ದವರೆಗೆ ರಿಯಾಯಿತಿ ಹಂತಹಂತವಾಗಿ ಕರಗುತ್ತದೆ. ತಾನಾಗಿಯೇ ಸಿಗುತ್ತದೆಂದು ಕೂರಬೇಡಿ, ಅರ್ಜಿ ಹಾಕಬೇಕು. ಈ ದಾರಿಯ ಅಪಾಯವನ್ನೂ ಹೇಳಿಬಿಡುತ್ತೇನೆ. ಹೊಸ ಜಾಗಕ್ಕೆ ಕಪಾಟು, ಬೆಂಚು, ದೀಪ ಎಂದು ಹಣ ಬೇಕು. ದಾಸ್ತಾನು ಇಡಲು ಜಾಗ ಸಾಲದೆ ಹೋಗಬಹುದು. ಮಕ್ಕಳ ಶೂ ಎಂದರೆ ಒಂದೇ ಮಾದರಿಗೆ ಉದ್ದ, ಅಗಲ, ಅರ್ಧ ಸೈಜು ಎಂದು ಹತ್ತಾರು ಡಬ್ಬಿ. ಅಜ್ಜಿಯರು ಹಳೆಯ ಬಾಗಿಲಿಗೇ ಹೋಗಿ ವಾಪಸಾಗುತ್ತಾರೆ. ಶಾಲೆ ಶುರುವಾಗುವ ಮುಂಚಿನ ಆಗಸ್ಟ್ ವ್ಯಾಪಾರವನ್ನು ಹಳೆಯ ಜಾಗದಲ್ಲೇ ಮುಗಿಸಿ, ಬಂದ ಪ್ರತಿ ತಾಯಿಯ ಕೈಗೂ ಹೊಸ ವಿಳಾಸದ ಚೀಟಿ ಕೊಟ್ಟು ಹೋಗುವುದು ಕ್ಷೇಮ. ಒಂದು ವರ್ಷಕ್ಕೂ ಮೀರಿ ಖಾಲಿ ಬಿದ್ದ ಅಂಗಡಿಗಳನ್ನು ಹರಾಜಿನಲ್ಲಿ ಒಂದರಿಂದ ಐದು ವರ್ಷಕ್ಕೆ ಬಾಡಿಗೆಗೆ ಕೊಡಿಸುವ ಅಧಿಕಾರ 2024ರ ಡಿಸೆಂಬರ್‌ನಿಂದ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಇದೆ. ನಿಮ್ಮ ಕೌನ್ಸಿಲ್ ಅದನ್ನು ಬಳಸುತ್ತಿದೆಯೇ ವಿಚಾರಿಸಿ. ಅಂಥ ಲೀಸ್‌ಗೆ 1954ರ ರಕ್ಷಣೆ ಇರುವುದಿಲ್ಲ ಎಂಬುದು ನೆನಪಿರಲಿ.

ಈಗಿನ ಜಾಗವನ್ನೇ ಬಿಡಲು ಮನಸ್ಸಿಲ್ಲದಿದ್ದರೆ ಉಳಿಯಬಹುದು, ಆದರೆ ಆ ಷರತ್ತುಗಳ ಮೇಲಲ್ಲ. ಐದು ವರ್ಷ ಕೇಳಿ, ಮೂರನೆಯ ವರ್ಷಕ್ಕೆ ನೀವು ಬಯಸಿದರೆ ಹೊರಬರುವ ಬ್ರೇಕ್ ಕ್ಲಾಸ್ ಇರಲಿ. ಬಾಡಿಗೆ ಮೂರು ತಿಂಗಳಿಗೊಮ್ಮೆ ಮುಂಗಡದ ಬದಲು ತಿಂಗಳಿಗೊಮ್ಮೆ ಆಗಲಿ. ಬ್ರೇಕ್‌ಗೆ ಹಾಕುವ ಷರತ್ತುಗಳನ್ನು ಕಣ್ಣಿಟ್ಟು ಓದಿ. ಎಲ್ಲ ರಿಪೇರಿ ಮುಗಿಸಿದರೆ ಮಾತ್ರ ಬ್ರೇಕ್ ಸಿಂಧು ಎಂದು ಬರೆದಿದ್ದರೆ ಅದು ಇಲ್ಲದಿದ್ದಂತೆಯೇ. ನನ್ನ ಬಳಿ ಬಂದ ಒಬ್ಬರು ಬಣ್ಣ ಬಳಿಯದ ಒಂದು ಹಿಂಬಾಗಿಲಿನ ಕಾರಣಕ್ಕೆ ಬ್ರೇಕ್ ಕಳೆದುಕೊಂಡು ಇನ್ನೂ ಐದು ವರ್ಷದ ಬಾಡಿಗೆಗೆ ಸಿಕ್ಕಿಕೊಂಡಿದ್ದರು. ಹತ್ತು ವರ್ಷ ಕೂತಿದ್ದೀರಿ, ಜಾಗ ಬಿಡುವಾಗ ಡಿಲ್ಯಾಪಿಡೇಷನ್ಸ್ ಎಂದು ಹಳೆಯ ರಿಪೇರಿಗಳ ಪಟ್ಟಿ ಬಂದೇ ಬರುತ್ತದೆ. ಹೊಸ ಲೀಸ್‌ಗೆ ಮುಂಚೆ ಕಟ್ಟಡದ ಈಗಿನ ಸ್ಥಿತಿಯ ಫೋಟೋ ಸಹಿತ ದಾಖಲೆ ಮಾಡಿಸಿ, ಅದಕ್ಕಿಂತ ಚೆನ್ನಾಗಿಟ್ಟು ಕೊಡುವ ಹೊಣೆ ನಿಮ್ಮದಲ್ಲ ಎಂದು ಬರೆಸಿ. ಮನೆಯನ್ನು ಅಡವಿಡುವಂಥ ವೈಯಕ್ತಿಕ ಗ್ಯಾರಂಟಿಗೆ ದಯವಿಟ್ಟು ಸಹಿ ಹಾಕಬೇಡಿ. ಅಂಗಡಿ ಹೋದರೂ ಮನೆ ಉಳಿಯಬೇಕು.

ನಿಮ್ಮ ಮಗನ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಆನ್‌ಲೈನ್‌ಗೆ ಬಾಡಿಗೆ ಇಲ್ಲ ಎಂಬುದು ಭ್ರಮೆ. ಅಲ್ಲಿ ಬಾಡಿಗೆಯ ಹೆಸರು ಬೇರೆ: ಮಾರುಕಟ್ಟೆ ತಾಣದ ಕಮಿಷನ್, ಜಾಹೀರಾತು, ಕೊರಿಯರ್, ಪ್ಯಾಕಿಂಗ್. ಶೂ ವ್ಯಾಪಾರದಲ್ಲಿ ಇವೆಲ್ಲಕ್ಕಿಂತ ಹೆಚ್ಚು ನೋಯಿಸುವುದು ವಾಪಸಾತಿ. ಆನ್‌ಲೈನ್‌ನಲ್ಲಿ ಕೊಂಡವರಿಗೆ ವಸ್ತು ಕೈಸೇರಿದ 14 ದಿನದೊಳಗೆ ಕಾರಣ ಹೇಳದೆ ಬೇಡವೆನ್ನುವ ಹಕ್ಕನ್ನು 2013ರ ಗ್ರಾಹಕ ನಿಯಮಗಳು ಕೊಟ್ಟಿವೆ. ತಾಯಿ ಮೂರು ಸೈಜು ತರಿಸುತ್ತಾರೆ, ಎರಡು ವಾಪಸ್ ಕಳಿಸುತ್ತಾರೆ. ಡಬ್ಬಿ ಹರಿದಿರುತ್ತದೆ, ಅಟ್ಟೆಯಲ್ಲಿ ಕಾರ್ಪೆಟಿನ ನೂಲು ಇರುತ್ತದೆ, ಸೆಪ್ಟೆಂಬರ್ ಕಳೆದ ಮೇಲೆ ಆ ಕಪ್ಪು ಶೂ ಯಾರಿಗೂ ಬೇಡ. ನಿಮ್ಮ ಬಂಡವಾಳ ನಿಮ್ಮ ಅಳತೆಯ ಕೈ, ಅದು ಪಾರ್ಸೆಲ್‌ನಲ್ಲಿ ಹೋಗುವುದಿಲ್ಲ. ಮಗನಿಗೆ ಬೇರೆ ಕೆಲಸ ಕೊಡಿ. ಅಂಗಡಿಯಲ್ಲಿ ಯಾವ ಸೈಜು ಇದೆ ಎಂದು ಮನೆಯಿಂದಲೇ ನೋಡಿ, ಸಮಯ ಕಾಯ್ದಿರಿಸಿ, ಬಂದು ಹಾಕಿ ನೋಡಿ ಕೊಳ್ಳುವ ಸರಳ ವೆಬ್‌ಸೈಟ್ ಮಾಡಲಿ. ಒಮ್ಮೆ ಅಳತೆ ಕೊಟ್ಟ ಮಗುವಿನ ತಾಯಿಗೆ, ಅವರ ಒಪ್ಪಿಗೆ ಪಡೆದು, ಮೂರು ತಿಂಗಳಿಗೆ ಒಂದು ಸಂದೇಶ ಹೋಗಲಿ, ಪಾದ ಬೆಳೆದಿರಬಹುದು, ಬಂದು ಅಳತೆ ಮಾಡಿಸಿ ಎಂದು. ಈ ಸಂದೇಶ ಕಳಿಸಿದ ಅಂಗಡಿಗಳಿಗೆ ಅದರಿಂದ ಗಿರಾಕಿ ಬಂದದ್ದನ್ನು ನಾನೇ ಕಂಡಿದ್ದೇನೆ.

ಫೋಟೋ ತೆಗೆದು ಹೋಗುವವರ ಬಗ್ಗೆ ನಿಮಗಾಗುವ ನೋವು ನನಗೆ ಅರ್ಥವಾಗುತ್ತದೆ. ಮೊಣಕಾಲೂರಿ ಕೂತು, ಅಳುವ ಮಗುವನ್ನು ಸಮಾಧಾನ ಮಾಡಿ, ಹೆಬ್ಬೆರಳಿನ ತುದಿ ಒತ್ತಿ ನೋಡಿ ಇಪ್ಪತ್ತು ನಿಮಿಷ ಕೊಟ್ಟಿರುತ್ತೀರಿ. ಅದು ಪುಕ್ಕಟೆ ಅಲ್ಲ. ಕೆಲವರು ಅಳತೆಗೆ ಸಣ್ಣ ಶುಲ್ಕ ಇಟ್ಟು, ಶೂ ಕೊಂಡರೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಮುಂಗಡ ಸಮಯ ಕಾಯ್ದಿರಿಸುವವರಿಗೆ ಇದು ಹೊಂದುತ್ತದೆ, ಬಾಗಿಲಿಗೆ ಬಂದವರಿಗೆ ಹೇಳಿದರೆ ಕೆಲವರು ಮುಖ ತಿರುಗಿಸುತ್ತಾರೆ. ಆಗಸ್ಟ್ ಹದಿನೈದರ ನಂತರದ ಗಿಜಿಗಿಜಿಯಲ್ಲಿ ಮಾತ್ರ ಇಟ್ಟು ನೋಡಿ. ಡಬ್ಬಿಯ ನಂಬರ್ ಮರೆಮಾಡುವುದು, ಫೋನ್ ತೆಗೆದರೆ ತಡೆಯುವುದು ಬೇಡ. ಅದರಿಂದ ಉಳಿಯುವ ಗಿರಾಕಿಗಿಂತ ಕಳೆದುಕೊಳ್ಳುವ ಗಿರಾಕಿ ಹೆಚ್ಚು.

ಯಜಮಾನರು ಹೇಳಿದ ದಾರಿಯೂ ಗೌರವದ ದಾರಿಯೇ. ಮುಚ್ಚುವುದಾದರೆ ಸಾಲ ಮಾಡಿ ಬಾಡಿಗೆ ಕಟ್ಟುವ ಹಂತ ಬರುವ ಮೊದಲು ಮುಚ್ಚಬೇಕು. ಚಳಿಗಾಲದ ಬೂಟುಗಳ ಆರ್ಡರ್ ಕಡಿಮೆ ಮಾಡಿ, ಆಗಸ್ಟ್‌ನಲ್ಲಿ ದಾಸ್ತಾನು ಇಳಿಸಿ, ಜನವರಿ ಸೇಲ್‌ನಲ್ಲಿ ಮುಗಿಸಿ, ಮಾರ್ಚ್‌ಗೆ ಬೀಗ ಕೊಡಬಹುದು. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ದುಡಿದ ಸಹಾಯಕರಿಗೆ ಕಾನೂನಿನ ಪ್ರಕಾರ ರಿಡಂಡೆನ್ಸಿ ಹಣ, ಅಂದರೆ ಕೆಲಸ ಹೋದದ್ದಕ್ಕೆ ಪರಿಹಾರ, ಕೊಡಬೇಕು. ಅದನ್ನೂ ರಿಪೇರಿ ಪಟ್ಟಿಯ ಹಣವನ್ನೂ ಈಗಲೇ ಬೇರೆ ಖಾತೆಯಲ್ಲಿ ತೆಗೆದಿಡಿ.

ಮೂವರೂ ಒಂದು ಸಂಜೆ ಅಂಗಡಿ ಮುಚ್ಚಿದ ಮೇಲೆ ಕೂತು, 22,000ದ ಜಾಗದಲ್ಲಿ 16,000 ಬರೆದು ಒಮ್ಮೆ ಲೆಕ್ಕ ಹಾಕಿ, ರೇಟ್ಸ್ ಇಲ್ಲದ ಅಡ್ಡಬೀದಿಯ ಜಾಗಕ್ಕೆ ಇನ್ನೊಮ್ಮೆ ಹಾಕಿ. ಅಡ್ಡಬೀದಿಗೆ ಮಾರಾಟ ನೂರಕ್ಕೆ 15 ಇಳಿಯುತ್ತದೆಂದೇ ಹಿಡಿಯಿರಿ. ಆಗಲೂ ನಿಮ್ಮಿಬ್ಬರ ಸಂಬಳ ಹುಟ್ಟುವುದಾದರೆ ಜಾಗ ಹುಡುಕಲು ಶುರು ಮಾಡಿ. ರೇಟ್ಸ್ ಇಳಿಸಿಕೊಡುತ್ತೇವೆ, ಮೊದಲೇ ಫೀಸ್ ಕೊಡಿ ಎಂದು ಫೋನ್ ಮಾಡುವವರಿಗೆ ಒಂದು ಪೆನ್ನಿಯೂ ಕೊಡಬೇಡಿ. ಏಜೆಂಟ್ ಮತ್ತೆ ಕರೆದರೆ, ಲೀಸ್ ಸಾಲಿಸಿಟರ್ ಹತ್ತಿರ ಇದೆ ಎಂದಷ್ಟೇ ಹೇಳಿ.